ಅಮವಾಸ್ಯೆಯಂದು ಮೈಕಿನಲ್ಲಿ ಕೇಳಿದ ಗುಂಯ್

ಸವಿತಾ, ವಿಜಯಾ, ಸಣ್ಣ ಮಲ್ಲು, ಮೊನ್ನೆ ನೀವು ಮೂವರೂ ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ಟೇಪ್‌ರೆಕಾರ್ಡರನ್ನೂ ಅದರ ಮೈಕನ್ನೂ ಕೆಳಗಿಳಿಸಿ, "ಆಯಿ, ಇದನ್ನ ನೀನ ನಡಸ್ತಿದ್ದೇನ? ಖರೇನ?" ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ನಾಲ್ಕು ಜನರ ಎದುರು ಮಾತಾಡಲು ನನಗೆ ಇಂದಿಗೂ ಬರುವುದಿಲ್ಲ. ಬೇವೂರಿನ ಸಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಹೌದು, ಅದನ್ನು ನಡೆಸುತ್ತಿದ್ದವಳು ನಾನೇ.

ನಿಮ್ಮ ಅಜ್ಜ ಇಳಕಲ್ಲಿನಲ್ಲಿ ಮದುವೆ, ಮುಂಜಿ, ಭಾಷಣಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಾರ್ನು, ಆಂಪ್ಲಿಫೈಯರು ಎಲ್ಲವನ್ನೂ ನನ್ನ ಮೈದುನ ವಹಿಸಿಕೊಂಡ. ಟೇಪ್‌ರೆಕಾರ್ಡರು ನನ್ನ ಬಳಿ ಉಳಿಯಿತು. ಎಂಬತ್ತರ ಆಚೆಯ ವರ್ಷಗಳು ಅವು. ಓಣಿಯ ಹೆಂಗಸರು ಬಂದು ಭಜನೆ ಹಾಡುತ್ತಿದ್ದರು, ದೂರದ ಮಗನಿಗೆ ಕಳಿಸಲು ನಾಲ್ಕು ಮಾತು ತುಂಬಿಸುತ್ತಿದ್ದರು. ಗಂಡಸರ ಅಂಗಡಿಗೆ ಹೋಗಿ ಹಾಡಲು ಅವರಿಗೆ ನಾಚಿಕೆ. ನನ್ನ ನಡುಮನೆಯಲ್ಲಿ ಆ ನಾಚಿಕೆ ಇರಲಿಲ್ಲ.

ಕೆಲಸವನ್ನು ನಾನೇ ನೋಡಿ ನೋಡಿ ಕಲಿತಿದ್ದೆ. ಮೈಕನ್ನು ನೆಲಕ್ಕಿಟ್ಟರೆ ಹೆಜ್ಜೆ ಸಪ್ಪಳವೆಲ್ಲ ಒಳಗೆ ಹೋಗುತ್ತದೆ. ಮಡಿಸಿದ ಕೌದಿಯ ಮೇಲೆ ಇಡಬೇಕು. ಹಾಡುವವರ ಬಾಯಿಗೆ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ಉಸಿರು ಬಡಿದು ಫಟ್ ಫಟ್ ಎನ್ನುತ್ತದೆ. ಕೈಬಳೆಗಳಿಗೆ ಕರ್ಚೀಫು ಸುತ್ತಬೇಕು. ಕ್ಯಾಸೆಟ್ಟು ಓಡುವ ಕಡೆ ಇರುವ ಹೆಡ್ಡನ್ನು ಸ್ಪಿರಿಟ್ಟಿನ ಅರಳೆಯಿಂದ ಒರೆಸದಿದ್ದರೆ ಧ್ವನಿ ಮೂಗು ಕಟ್ಟಿದಂತೆ ಬರುತ್ತದೆ. ಮಗ್ಗದ ಸದ್ದಿನ ಓಣಿ ನಮ್ಮದು. ಅದಕ್ಕೆ ಮಧ್ಯಾಹ್ನ ಊಟಕ್ಕೆಂದು ಮಗ್ಗಗಳು ನಿಲ್ಲುವ ಹೊತ್ತಿನಲ್ಲೇ ನಾನು ಗುಂಡಿ ಒತ್ತುತ್ತಿದ್ದೆ.

ಹೀಗಿರುವಾಗ ಮೈಕಿನ ತಂತಿ ಪಿನ್ನಿನ ಹತ್ತಿರ ಸಡಿಲಾಯಿತು. ಅಲುಗಿದರೆ ಸಾಕು, ಚರಚರ ಎನ್ನುತ್ತಿತ್ತು. ಮೈದುನ ಅದನ್ನು ಬಾಗಲಕೋಟೆಯ ಒಬ್ಬ ರಿಪೇರಿಯವನ ಬಳಿ ಒಯ್ದು ತಂತಿ ಬದಲಿಸಿಕೊಂಡು ಬಂದ. ಚರಚರ ಹೋಯಿತು, ಅದರ ಬದಲಿಗೆ ಗುಂಯ್ ಬಂತು. ದುಂಬಿಯೊಂದು ಕ್ಯಾಸೆಟ್ಟಿನೊಳಗೆ ಸಿಕ್ಕಿಕೊಂಡ ಹಾಗೆ ಹಾಡಿನ ಉದ್ದಕ್ಕೂ ಗುಂಯ್.

ಅದಾಗಿ ಎರಡು ತಿಂಗಳಿಗೆ ದೊಡ್ಡವ್ವ ಬಂದಳು. ಆಕೆ ನಮ್ಮ ರಕ್ತಸಂಬಂಧಿಯಲ್ಲ. ನಮ್ಮ ಓಣಿಯ ಕೊನೆಯಲ್ಲಿದ್ದ ನೇಕಾರರ ಮನೆಯ ಹಿರಿಯಳು, ಎಲ್ಲರಿಗೂ ದೊಡ್ಡವ್ವ. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಗಬೇಕು, ಧ್ವನಿ ಉಳಿದರೆ ಉಳಿಯಿತು, ಹೋದರೆ ಹೋಯಿತು ಎಂದು ಡಾಕ್ಟರು ಬಿಚ್ಚಿ ಹೇಳಿದ್ದರು.

"ನನ್ನ ಧ್ವನಿ ಏನ ಬಂಗಾರದ್ದಲ್ಲಬೇ ಯವ್ವಾ" ಎಂದಳು ಆಕೆ. "ಆದರ ಕಂಡಿಕಿ ಸುತ್ತೂ ಹಾಡು ಪೂರಾ ಬರೂದು ಈ ಓಣಿಯಾಗ ನನಗೊಬ್ಬಾಕಿಗೆ. ನಮ್ಮವ್ವ ನನ್ನ ಬಾಯಾಗ ಹಾಕಿ ಹ್ವಾದಳು. ಗಂಟಲಿಗೆ ಕತ್ತರಿ ಹಾಕೂದಕಿಂತ ಮೊದಲ ಅದನ್ನ ನಿನ್ನ ಡಬ್ಬಿಯಾಗ ಹಿಡದಿಡು."

ಕಂಡಿಕೆ ಎಂದರೆ ಲಾಳಿಯೊಳಗೆ ಕೂಡಿಸುವ ನೂಲಿನ ಉರುಳೆ. ಅದನ್ನು ಸುತ್ತುವುದು ಮನೆಯ ಹೆಂಗಸರ ಕೆಲಸ, ಆ ಹಾಡೂ ಅವರದ್ದೇ. ಆಗಲಿ ಎಂದೆ.

ಆದರೆ ಹಾಡಿಸಿ ಕೇಳಿದರೆ ಗುಂಯ್. ಮೊದಲು ನನಗೆ ನಮ್ಮ ಮನೆಯ ಕರೆಂಟಿನ ಮೇಲೆ ಸಂಶಯ ಬಂತು. ಪ್ಲಗ್ಗು ಕಿತ್ತು ಸೆಲ್ ಹಾಕಿ ಹಾಡಿಸಿದೆ. ಟಾರ್ಚಿನಿಂದ ತೆಗೆದ ಹಳೆಯ ಸೆಲ್ಲುಗಳು ಅವು. ಆಮೇಲೆ ಕರೆಂಟಿಗೆ ಹಚ್ಚಿ ಕೇಳಿಸಿದರೆ ದೊಡ್ಡವ್ವ ಹೌಹಾರಿದಳು.

"ಯಾರಬೇ ಇಕಿ? ಯಾವುದೋ ಸಣ್ಣ ಹುಡಗಿ ನನ್ನ ಹಾಡು ಕದ್ದಾಳಲ್ಲ!"

ಸೆಲ್ಲು ಸೋತಿದ್ದರಿಂದ ಟೇಪು ನಿಧಾನ ಓಡಿ ಧ್ವನಿ ಹಿಡಿದಿತ್ತು. ಕರೆಂಟಿನಲ್ಲಿ ಜೋರು ಓಡಿದಾಗ ಮುದುಕಿಯ ಧ್ವನಿ ಹುಡುಗಿಯದಾಗಿತ್ತು. ಇದನ್ನು ತಿಳಿಸಿ ಹೇಳಿದರೂ ಆಕೆ ಮೆಷಿನ್ನಿನ ಹಿಂದೆ ಬಗ್ಗಿ ಒಮ್ಮೆ ನೋಡಿಯೇ ಬಿಟ್ಟಳು. ಹೊಸ ಸೆಲ್ಲು ತರಿಸಿದೆ. ಧ್ವನಿ ನೆಟ್ಟಗಾಯಿತು. ಆದರೆ ಗುಂಯ್ ಮಾತ್ರ ಹಾಗೇ ಇತ್ತು. ಅಂದರೆ ಅದು ನಮ್ಮ ಪ್ಲಗ್ಗಿನಿಂದ ಬರುತ್ತಿರಲಿಲ್ಲ.

ಎರಡನೆಯ ಸಂಶಯ ರಿಪೇರಿಯವನ ಮೇಲೆ. ಒಳಗಿನ ಒಳ್ಳೆಯ ಸಾಮಾನು ತೆಗೆದು ಹಳೆಯದನ್ನು ಹಾಕಿದ್ದಾನೆ ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಮೈದುನನನ್ನು ಕಳಿಸದೆ ನಾನೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಅಂಗಡಿಯ ಮುಂದೆ ಸೆರಗು ಹೊದ್ದು ನಿಂತರೆ ಅವನು ತಲೆ ಎತ್ತಲಿಲ್ಲ. ಕೊನೆಗೆ ಮೈಕನ್ನು ತನ್ನ ಮೆಷಿನ್ನಿಗೆ ಚುಚ್ಚಿ, "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಕೂಗಿ ಕೇಳಿಸಿದ. ತಿಳಿನೀರಿನಂತಹ ಧ್ವನಿ! ಗುಂಯ್ ಎಂಬುದು ಹುಡುಕಿದರೂ ಇಲ್ಲ.

"ಏನ್ ಆಗೇದ್ರಿ ಅಕ್ಕಾರ ಇದಕ್ಕ? ಕೂಸಿನಂಗ ಮಾತಾಡ್ತದ" ಎಂದ. "ದೋಷ ಮೈಕಿನಾಗಿಲ್ಲ. ನಿಮ್ಮ ಮನಿಯಾಗ ಏನರೆ ಇದ್ರ ನೋಡಿಸ್ಕೋರಿ."

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ನಾನು ಮೈಕನ್ನು ಸೆರಗಿನಲ್ಲಿ ಸುತ್ತಿಕೊಂಡು ತಿರುಗಿ ಬಂದೆ. ಮನೆಯಲ್ಲಿ ಹಚ್ಚಿದರೆ ಮತ್ತೆ ಗುಂಯ್.

ಆಗ ದೊಡ್ಡವ್ವ ಒಂದು ಮಾತು ಹೇಳಿದಳು. "ರಿಪೇರಿ ಆದ ಮ್ಯಾಲೂ ಎರಡು ಸಲ ಭಜನಿ ಚಲೋ ಬಂದಿತ್ತಲ್ಲಬೇ. ನಾನೂ ಕೇಳೀನಿ."

ಖರೆ, ಬಂದಿತ್ತು. ಎರಡೂ ಅಮವಾಸ್ಯೆಯ ದಿನ ತುಂಬಿದ ಕ್ಯಾಸೆಟ್ಟುಗಳು. ನಮ್ಮ ಓಣಿಯಲ್ಲಿ ಅಮವಾಸ್ಯೆಗೆ ಮಗ್ಗ ಹೂಡುವುದಿಲ್ಲ, ಲಾಳಿ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಬಿಡುವಿನ ದಿನವೆಂದು ಭಜನೆಯವರು ಅಂದೇ ಬಂದಿದ್ದರು.

ದೊಡ್ಡವ್ವ ಧ್ವನಿ ತಗ್ಗಿಸಿದಳು. "ಅಮವಾಸಿಗೊಮ್ಮೆ ನಿನ್ನ ಮೈದುನ ಬಾದಾಮಿ ಬನಶಂಕರಿಗೆ ಹೋಗ್ತಾನಲ್ಲ? ಅಂವ ಊರಾಗ ಇಲ್ಲದ ದಿನ ಚಲೋ ಬರ್ತದ. ಇದ್ದ ದಿನ ಗುಂಯ್ ಅಂತದ. ನೋಡ್ಕೋ."

ಮೈದುನ ಕೆಟ್ಟವನಲ್ಲ, ಆದರೆ ಆ ಟೇಪ್‌ರೆಕಾರ್ಡರಿನ ಮೇಲೆ ಅವನ ಕಣ್ಣಿತ್ತು. ಅದನ್ನು ಮಾರಿ ಹೊಸ ಆಂಪ್ಲಿಫೈಯರಿಗೆ ಸೇರಿಸಬೇಕೆಂದು ಹಲವು ಸಲ ಹೇಳಿದ್ದ. ಒಂದು ವಾರದ ಹಿಂದೆ ಹುನಗುಂದದಿಂದ ಯಾರನ್ನೋ ಕರೆತಂದು, ನಾನು ಚಹಾ ಮಾಡಲು ಒಳಗೆ ಹೋದಾಗ ಮುಚ್ಚಳ ತೆಗೆದು ತೋರಿಸಿದ್ದನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ್ದೆ. ಕೆಟ್ಟುಹೋಗಿದೆ ಎಂದು ನಾನೇ ಬೇಸತ್ತು ಮಾರಲಿ ಎಂದು ಏನಾದರೂ ಮಾಡುತ್ತಿದ್ದಾನೆಯೇ? ಅವನು ಚಪ್ಪಲಿ ಬಿಟ್ಟು ಒಳಗೆ ಬಂದರೂ ನನ್ನ ಕಣ್ಣು ಅವನ ಕೈಯ ಮೇಲೇ ಹೋಗುತ್ತಿತ್ತು.

ಬಾಯಿಬಿಟ್ಟು ಕೇಳುವ ಜಾಯಮಾನ ನನ್ನದಲ್ಲ. ಕೇಳಿದರೂ ಹೌದೆನ್ನುವವರು ಯಾರು? ಮುಂದಿನ ಅಮವಾಸ್ಯೆಯ ಮರುದಿನ ಬೆಳಿಗ್ಗೆ ದೊಡ್ಡವ್ವನನ್ನು ದವಾಖಾನೆಗೆ ಕರೆದೊಯ್ಯುವುದು ಎಂದಾಗಿತ್ತು. ಅಮವಾಸ್ಯೆಯೇ ನನಗೆ ಉಳಿದ ಕೊನೆಯ ದಿನ. ಆ ದಿನ ಮೈದುನನನ್ನು ಬಾದಾಮಿಗೆ ಹೋಗಲು ಬಿಡದೆ ಕಣ್ಣೆದುರಿಗೇ ಕೂರಿಸಿಕೊಂಡು ನೋಡಬೇಕೆಂದು ನಿರ್ಧರಿಸಿದೆ.

"ಈ ಸಲ ಬನಶಂಕರಿಗೆ ನಾಳೆ ಹೋಗಪಾ" ಎಂದೆ. "ಮಷಿನ್ ಮಾರೂದಿದ್ರ ಮಾರೋಣು. ಅದು ಚಲೋ ಅದನೋ ಇಲ್ಲೋ ನೀನ ಕೂತು ನೋಡು."

ಅವನು ನನ್ನ ಮುಖವನ್ನೇ ದಿಟ್ಟಿಸಿದ. "ಮಷಿನ್ ನೋಡಾಕ ಕರೀತೀರೋ, ನನ್ನ ನೋಡಾಕ ಕೂಡಸ್ತೀರೋ ವೈನಿ?"

"ಎರಡೂ" ಎಂದು ದೊಡ್ಡವ್ವ ನಡುವೆ ಬಾಯಿ ಹಾಕಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಮವಾಸ್ಯೆಯ ಮಧ್ಯಾಹ್ನ ಓಣಿ ಶಾಂತವಾಗಿತ್ತು. ಮೈದುನ ಬೇಕೆಂತಲೇ ಬಾಗಿಲಿನ ಹತ್ತಿರ, ಮೆಷಿನ್ನಿನಿಂದ ದೂರ, ಕೈಗಳೆರಡನ್ನೂ ಮೊಳಕಾಲ ಮೇಲಿಟ್ಟು ಕುಳಿತ. ದೊಡ್ಡವ್ವನಿಗೆ ಅವನ ಎದುರು ಸಂಕೋಚವಿರಲಿಲ್ಲ. ಚಡ್ಡಿ ಹಾಕದ ಕಾಲದಿಂದ ಆಕೆ ನೋಡಿದ ಹುಡುಗ. ಆಕೆ ಎಲೆ ಅಡಿಕೆ ಉಗುಳಿ, ಬಾಯಿ ತೊಳೆದು, ಕೌದಿಯ ಎದುರು ಕುಳಿತು ಹಾಡು ಎತ್ತಿದಳು. ನಾನು ಕಿವಿಗೆ ಹಚ್ಚುವ ಸಣ್ಣ ಸ್ಪೀಕರನ್ನು ಒತ್ತಿ ಹಿಡಿದಿದ್ದೆ. ತಿಳಿಯಾದ ಧ್ವನಿ. ಗಡ್ಡೆಯ ಅಡ್ಡಿಯಿಂದ ಕೆಲವು ಕಡೆ ಒಡೆಯುತ್ತಿತ್ತು, ಆದರೆ ಅದು ಆಕೆಯದೇ ಧ್ವನಿ. ಹಿಂದೆ ಯಾವ ಸದ್ದೂ ಇಲ್ಲ.

ಮೈದುನ ಮನೆಯಲ್ಲೇ ಇದ್ದಾನೆ, ಗುಂಯ್ ಇಲ್ಲ. ಹಾಗಾದರೆ ಇವನಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಹಾಡು ನಡುವಿಗೆ ಬಂದಿತ್ತು. ಆಗ ಬಂತು ನೋಡಿ, ಗುಂಯ್! ಯಾರೋ ಗುಂಡಿ ಒತ್ತಿದ ಹಾಗೆ ಒಮ್ಮೆಲೇ. ನಾನು ಕೈ ಎತ್ತಿ ಹಾಡು ನಿಲ್ಲಿಸಿದೆ. ದೊಡ್ಡವ್ವ ನೇರ ಮೈದುನನ ಕಡೆ ತಿರುಗಿದಳು.

"ನನ್ನ ಏನ್ ನೋಡ್ತೀಯಬೇ ಮುದುಕಿ? ಕೈ ಇಲ್ಲೇ ಅದಾವ, ಕಾಲೂ ಇಲ್ಲೇ ಅದಾವ. ಇನ್ನ ಉಸುರು ಬಿಡೂದೂ ನಿಲ್ಲಸ್ಲೇನ?"

ನಾನು ಸ್ಪೀಕರನ್ನು ಕಿವಿಯಲ್ಲಿಟ್ಟುಕೊಂಡೇ ಮೈಕನ್ನು ಎತ್ತಿ ಅತ್ತಿತ್ತ ಒಯ್ದೆ. ಬಾಗಿಲ ಕಡೆ ಹೋದರೆ ಸದ್ದು ಇಳಿಯಿತು. ದೇವರ ಜಗಲಿಯ ಕಡೆ ಬಂದರೆ ಏರಿತು. ಪಡಸಾಲೆಯ ಪಕ್ಕದ ಗೋಡೆಗೆ ತಂದಾಗ ಕಿವಿ ಕೊರೆಯುವಷ್ಟಾಯಿತು. ಆ ಗೋಡೆ ನೆರೆಮನೆಗೂ ನಮಗೂ ಒಂದೇ. ಕಲ್ಲಿನ ಗೋಡೆಗೆ ಕಿವಿ ಹಚ್ಚಿದೆ. ಬಹಳ ಸಣ್ಣಗೆ, ಬೆಕ್ಕು ಗುರುಗುಟ್ಟಿದ ಹಾಗೆ, ಏನೋ ತಿರುಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಓಣಿಯಲ್ಲಿದ್ದವಳು ನಾನು, ಆ ಸದ್ದು ನನಗೆ ಗೊತ್ತಿತ್ತು. ಕಂಡಿಕೆ ಸುತ್ತುವ ಸಣ್ಣ ಮೋಟರು ಅದು. ಬೇರೆ ದಿನ ಮಗ್ಗ ನಿಂತ ಮೇಲೂ ಅದು ಓಡುತ್ತಲೇ ಇರುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಇವತ್ತು ಓಡಬಾರದಿತ್ತು.

ನೆರೆಮನೆಯ ಯಜಮಾನರು ಓಣಿಗೆ ಹಿರಿಯರು. ಎಲ್ಲರೂ ಅವರನ್ನು ಕಾಕಾರ ಎನ್ನುತ್ತಿದ್ದೆವು. ಅಮವಾಸ್ಯೆಯ ಕಟ್ಟಳೆಯನ್ನು ಬಿಗಿಯಾಗಿ ಕಾಯುವವರೂ ಅವರೇ.

ಮೈದುನನೂ ಬಂದು ಗೋಡೆಗೆ ಕಿವಿ ಇಟ್ಟ. ಅವನ ಕಣ್ಣು ದೊಡ್ಡದಾಯಿತು. "ಕಾಕಾನ? ಹ್ವಾದ ವರ್ಷ ಒಬ್ಬ ಬಡವ ಅಮವಾಸಿ ದಿನ ಮಗ್ಗ ಹೂಡಿದಾನಂತ ಓಣಿ ಮುಂದ ನಿಲ್ಲಿಸಿ ತಪ್ಪಿಗಂತ ಕಾಯಿ ಒಡಸಿದ ಕಾಕಾನ? ತಡೀರಿ ವೈನಿ, ನಾಲ್ಕು ಮಂದಿನ್ನ ಕೂಡಿಸ್ಕೊಂಡು ಬರ್ತೇನಿ. ಬಾಗಲಾ ಒಡದು ತೋರಸ್ತೇನಿ. ಇಷ್ಟೊತ್ತೂ ಕಳ್ಳ ನಾನಾಗಿದ್ದೆ!"

ಅವನ ಸಿಟ್ಟು ನ್ಯಾಯದ್ದೇ. ಆದರೆ ಜನ ಕೂಡಿದರೆ ಜಗಳ ಸಂಜೆತನಕ ಮುಗಿಯುವುದಿಲ್ಲ. ಬೆಳಗಾದರೆ ದೊಡ್ಡವ್ವ ಬಸ್ಸು ಹತ್ತುತ್ತಾಳೆ. ಆಕೆ ಗಂಟಲಿನ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ನೀ ಇಲ್ಲೇ ಕೂಡು" ಎಂದು ಮೈದುನನಿಗೆ ಹೇಳಿ, ಸೆರಗು ಹಣೆಯವರೆಗೆ ಎಳೆದುಕೊಂಡು ನೆರೆಮನೆಯ ಬಾಗಿಲಿಗೆ ಹೋದೆ. ಅಲ್ಲಿಯವರೆಗೆ ಕಾಕಾರ ಜೊತೆ ನಾನು ನೇರವಾಗಿ ಒಂದು ಮಾತೂ ಆಡಿದವಳಲ್ಲ. ಚಿಲಕ ಬಡಿದು ನಿಂತೆ. ಬಹಳ ಹೊತ್ತಿನ ಮೇಲೆ ಅರ್ಧ ಬಾಗಿಲು ತೆರೆಯಿತು. ಕಾಕಾರು ಉಳಿದರ್ಧಕ್ಕೆ ಮೈ ಅಡ್ಡ ಕೊಟ್ಟು ನಿಂತಿದ್ದರು.

"ಏನಬೇ?"

"ದೊಡ್ಡವ್ವ ನಾಳೆ ದವಾಖಾನಿಗೆ ಹೊಂಟಾಳ್ರಿ. ಧ್ವನಿ ಉಳಿತದೋ ಇಲ್ಲೋ. ಇವತ್ತ ಹಾಡಾಕತ್ತಾಳ. ಹಿರಿಯರು ನೀವು ಬಂದು ಕೂತ್ರ ಆಕಿಗೊಂದು ಧೈರ್ಯ."

"ಹೆಂಗಸರ ಹಾಡು ನನಗ ಏನ್ ತಿಳಿತದ? ನೀವ ಹಾಡ್ಕೋರಿ."

ಅವರ ಅಂಗಿಯ ತೋಳಿಗೆ ಕೆಂಪು ರೇಷ್ಮೆಯ ಎಳೆಯೊಂದು ಅಂಟಿತ್ತು. ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು. "ಮೈಕಿಂದು ಭಾಳ ಸೂಕ್ಷ್ಮ ಕಿವಿರಿ ಕಾಕಾರ" ಎಂದೆ. "ನಮಗ ಕೇಳಲಾರದ್ದೂ ಅದಕ್ಕ ಕೇಳಸ್ತದ. ನೀವು ಬಂದು ಕೂತ್ರ ಎಲ್ಲಾ ಸುಮ್ಮನಾಗ್ತದ ಅಂತ ಬಂದೇನ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ನೆಲ ನೋಡುತ್ತಿದ್ದೆ.

"ನಡಿ, ಬರ್ತೇನಿ" ಎಂದರು. ಬಾಗಿಲು ಮುಚ್ಚಿತು. ಒಳಗೆ ಅವರು ಏನೋ ಗದರಿದರು. ಒಂದು ಹೆಣ್ಣುಧ್ವನಿ "ಹೂಂನ್ರಿ" ಎಂದಿತು. ಅದು ಅವರ ಸೊಸೆಯದು.

ನಾನು ಮನೆಗೆ ಬಂದು ಸ್ಪೀಕರು ಕಿವಿಗೆ ಹಿಡಿಯುವಷ್ಟರಲ್ಲಿ ಗುಂಯ್ ನಿಂತಿತ್ತು. ಕಾಕಾರು ಬಿಳಿ ಟೊಪಿಗೆ ಹಾಕಿಕೊಂಡು ಬಂದು, ನಾನು ಹಾಸಿದ ಚಾಪೆಯ ನಡುವೆ ಕುಳಿತರು. ಮೈದುನ ಅವರತ್ತ ನೋಡಿ ಮೀಸೆಯಲ್ಲೇ ನಗುತ್ತಿದ್ದ. ದೊಡ್ಡವ್ವ ಸೆರಗು ಮುಂದೆಳೆದುಕೊಂಡು ಅರ್ಧ ಗೋಡೆಯ ಕಡೆ ತಿರುಗಿದಳು. ಧ್ವನಿ ತಗ್ಗಿತು. ನಾನು ಮೈಕನ್ನು ಇನ್ನಷ್ಟು ಹತ್ತಿರ ಸರಿಸಿ, ಉಸಿರು ಬಡಿಯದಂತೆ ಅದಕ್ಕೆ ಕರ್ಚೀಫು ಹೊದಿಸಿದೆ. ಟೇಪನ್ನು ಹಿಂದಕ್ಕೆ ಓಡಿಸಿ ಮೊದಲಿನಿಂದ ಹಾಡಿಸಿದೆ. ಈ ಸಲ ಎಲ್ಲಿಯೂ ತಡೆಯಾಗಲಿಲ್ಲ.

ಮುಗಿದ ಮೇಲೆ ಕಾಕಾರು ಎದ್ದು, ಮೆಷಿನ್ನನ್ನೇ ನೋಡುತ್ತ ಕೇಳಿದರು. "ಇದರಾಗ ಮೊದಲ ಹಿಡಿದದ್ದು ಏನರೆ ಉಳಿದಿರ್ತದೇನು?"

"ಇಲ್ರಿ. ಅದರ ಮ್ಯಾಲೇ ಹೊಸದು ತುಂಬೇತ್ರಿ. ಹಾಡಷ್ಟ ಅದ."

ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆಮೇಲೆ ವರ್ಷಗಟ್ಟಲೆ ಆ ಮೆಷಿನ್ನಿನ ಮುಂದೆ ಅವರು ಗಟ್ಟಿಯಾಗಿ ಮಾತಾಡಲಿಲ್ಲ.

ದೊಡ್ಡವ್ವ ದವಾಖಾನೆಯಲ್ಲಿದ್ದ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಿಮ್ಮ ಅಜ್ಜ ಇದ್ದಾಗಲೂ ನೆರೆಮನೆಯ ಮೋಟರು ಇತ್ತು. ಆಗ ಕೇಳದ ಗುಂಯ್ ರಿಪೇರಿಯ ಮೇಲೆ ಯಾಕೆ ಕೇಳಬೇಕು? ಪಿನ್ನಿನ ಮುಚ್ಚಳವನ್ನು ತಿರುವಿ ತೆಗೆದೆ. ಅಜ್ಜನ ಡಬ್ಬಿಯಲ್ಲಿ ಹಳೆಯ ಮೈಕಿನ ತಂತಿಯ ತುಂಡಿತ್ತು. ಅದನ್ನೂ ಸೀಳಿ ಪಕ್ಕಕ್ಕಿಟ್ಟೆ. ಹಳೆಯ ತಂತಿಯಲ್ಲಿ ನಡುವಿನ ಎಳೆಯ ಸುತ್ತಲೂ ತಾಮ್ರದ ಸಣ್ಣ ಜಾಳಿಗೆ ಹೆಣೆದಿತ್ತು. ಹೊರಗಿನ ಕರೆಂಟಿನ ಸದ್ದು ಒಳಗಿನ ಎಳೆಗೆ ತಾಗದ ಹಾಗೆ ಕಾಯುವುದೇ ಆ ಜಾಳಿಗೆ. ರಿಪೇರಿಯವನು ಹಾಕಿದ್ದು ಬಾಗಿಲ ಗಂಟೆಗೆ ಹಾಕುವಂತಹ ಬರೀ ಜೋಡಿ ತಂತಿ. ಅವನ ಅಂಗಡಿಯಲ್ಲಿ ಹತ್ತಿರ ಮೋಟರಿರಲಿಲ್ಲ, ಅಲ್ಲಿ ಅದು ಕೂಸಿನಂತೆ ಮಾತಾಡಿತು. ಅವನು ತಿಳಿಯದೆ ಹಾಕಿದನೋ, ಒಳ್ಳೆಯ ತಂತಿ ಎತ್ತಿಟ್ಟುಕೊಂಡನೋ, ನನ್ನ ಅನುಮಾನ ಇಂದಿಗೂ ಹೋಗಿಲ್ಲ. ಮೈದುನ ಪಿನ್ನು ಹಿಡಿದ, ನಾನು ಬೆಸುಗೆ ಹಾಕಿದೆ. ಜಾಳಿಗೆಯ ತಂತಿ ಕೂತ ಮೇಲೆ ಗೋಡೆಯಾಚೆ ಮೋಟರು ಓಡುತ್ತಿದ್ದರೂ ಗುಂಯ್ ಬರಲಿಲ್ಲ. ಮುಂದೆ ಕಾಕಾರು ಯಾವ ಅಮವಾಸ್ಯೆಗೆ ಏನು ಮಾಡಿದರೋ, ನನ್ನ ಮೈಕಿಗೆ ಕೇಳಲಿಲ್ಲ.

ದೊಡ್ಡವ್ವ ತಿರುಗಿ ಬಂದಳು. ಗಡ್ಡೆ ಹೋಗಿತ್ತು, ಜೀವ ಉಳಿದಿತ್ತು, ಧ್ವನಿ ಉಳಿದಿರಲಿಲ್ಲ. ಪಿಸುಗುಟ್ಟಿದಷ್ಟೇ ಬರುತ್ತಿತ್ತು. ಕುತ್ತಿಗೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಆಗಲೇ ಮೊಮ್ಮಗಳ ಕೈ ಹಿಡಿದು ನಮ್ಮ ಮನೆಗೆ ಬಂದು ಹಾಡು ಹಚ್ಚೆಂದು ಸನ್ನೆ ಮಾಡಿದಳು. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಆಕೆಗೆ ಸಮಾಧಾನವಾದಂತೆ ಕಾಣಲಿಲ್ಲ. ನಾನು ಹೆದರಿದೆ. ಎಲ್ಲಿಯಾದರೂ ಕೆಟ್ಟಿತೇ?

"ಒಂದು ನುಡಿ ಬಿಟ್ಟೀನಿ" ಎಂದು ಪಿಸುಗುಟ್ಟಿದಳು.

"ಮರತೇನ ದೊಡ್ಡವ್ವಾ?"

"ಮರೀತೀನೇನ? ಬೇಕಂತ ಬಿಟ್ಟೆ. ಅದು ಮಾವನ್ನ ಆಡಿಕೊಳ್ಳೂ ನುಡಿ. ನೀ ಕಾಕಾನಂಥಾ ಮಾವನ್ನ ತಂದು ಎದುರಿಗೆ ಕೂಡಸಿದಿ. ಹೆಂಗ ಹಾಡ್ಲಿ?"

ಧ್ವನಿ ತಿಳಿಯಾಗಿ ಬರಲೆಂದು ಕಾಕಾರನ್ನು ಕರೆತಂದವಳು ನಾನು. ಅದರಿಂದಲೇ ನುಡಿ ಹೋಗಿತ್ತು. ಆಕೆಯೇ ಕೌದಿಯ ಕಡೆ ಬೆರಳು ಮಾಡಿದಳು. ನಾನು ಟೇಪನ್ನು ಹಾಡಿನ ಕೊನೆಗೆ ನಿಲ್ಲಿಸಿ, ಧ್ವನಿಯ ಗುಂಡಿಯನ್ನು ಪೂರ್ತಿ ಏರಿಸಿ, ಮೈಕನ್ನು ಆಕೆಯ ತುಟಿಯ ಪಕ್ಕಕ್ಕೇ ಹಿಡಿದೆ. ರಾಗವಿಲ್ಲ, ಬರೀ ಉಸಿರು:

ಊರಿಗೆಲ್ಲ ಅಮವಾಸಿ, ನನಗ್ಯಾತರ ಅಮವಾಸಿ
ಬಾಗಿಲ ಇಕ್ಕ್ಯಾನ ನಮ್ಮಾವ, ಒಳಗಿನ್ನೂ
ಕಂಡಿಕಿ ಮುಗಿದಿಲ್ಲ ಮಗಳಂತ.

ನಾನು ಗುಂಡಿ ಒತ್ತಿ ನಿಲ್ಲಿಸಿ ಆಕೆಯ ಮುಖ ನೋಡಿದೆ. "ಹಂಗಾರ ಅಮವಾಸಿಗೆ ಒಳಗ ಹಿಂಗ ನಡೀತದಂತ ನಿನಗ ಮೊದಲ ಗೊತ್ತಿತ್ತೇನ?"

"ಈ ಓಣಿಗೆ ನಾ ಸೊಸಿಯಾಗಿ ಬಂದಾಕಿ" ಎಂದಳು. ನಗಲು ಹೋದಳು, ಗಂಟಲು ನೋಯಿತೆಂದು ಕಾಣುತ್ತದೆ, ಪಟ್ಟಿಯ ಮೇಲೆ ಕೈ ಇಟ್ಟುಕೊಂಡಳು.

ಮಕ್ಕಳೇ, ನೀವು ಟ್ರಂಕಿನಿಂದ ತೆಗೆದ ಕ್ಯಾಸೆಟ್ಟಿನ ಕೊನೆಯಲ್ಲಿ ಆ ಪಿಸುಮಾತಿದೆ. ಹಾಡು ಇನ್ನೂ ಕೇಳುತ್ತದೆ. ಪಿಸುಮಾತು ವರ್ಷ ವರ್ಷಕ್ಕೆ ಮಾಸುತ್ತಿದೆ, ನನ್ನ ಕಿವಿಯಂತೂ ಈಗ ಅದನ್ನು ಹಿಡಿಯುವುದಿಲ್ಲ. ಅದಕ್ಕೇ ಆ ನುಡಿಯನ್ನು ಇಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಮಡಿಸಬೇಡಿ, ನೀರು ತಾಗುವ ಕಡೆ ಇಡಬೇಡಿ, ಕ್ಯಾಸೆಟ್ಟಿನಿಂದ ಅಗಲಿಸಬೇಡಿ. ದೊಡ್ಡವ್ವನ ಹಾಡು ಪೂರಾ ಇರುವುದು ಈ ಎರಡೂ ಒಂದೇ ಕಡೆ ಇದ್ದಾಗ ಮಾತ್ರ.